ಗುಳಿಗೆ ತಪ್ಪಿದರೆ ಮೊದಲು ಮನೆ ಕೇಳಿ

ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಸೆಂಟರಿಗೆ ಹೋದಾಗ ಕೌನ್ಸೆಲರ್ ಮೇಡಂ ನಮ್ಮ ಡಬ್ಬಿಯಲ್ಲಿ ಉಳಿದಿರುವ ಗುಳಿಗೆ ಎಣಿಸುತ್ತಾರೆ. ಲೆಕ್ಕಕ್ಕಿಂತ ಜಾಸ್ತಿ ಉಳಿದಿದ್ದರೆ ನಡುವೆ ತಪ್ಪಿಸಿದ್ದೇವೆ ಅಂತ ಗೊತ್ತಾಗಿಬಿಡುತ್ತದೆ. "ಯಾಕಮ್ಮಾ?" ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಮರೆತೆ ಮೇಡಂ."

ನಾನೂ ಎಚ್‌ಐವಿ ಜೊತೆ ಬದುಕುತ್ತಿರುವವಳು. ಹುಬ್ಬಳ್ಳಿಯಲ್ಲಿ ನಮ್ಮಂಥವರದ್ದೇ ಒಂದು ನೆಟ್‌ವರ್ಕಿನಲ್ಲಿ ಕೆಲಸ ಮಾಡುತ್ತೇನೆ. ಹಾಗೆ ಹೇಳಿದವರ ಜೊತೆ ಹೊರಗೆ ಕಟ್ಟೆ ಮೇಲೆ ಕೂತು ಮಾತಾಡಿದರೆ ಎಷ್ಟೋ ಸಲ ಮಾತು ಮನೆಗೆ ಬಂದು ನಿಲ್ಲುತ್ತದೆ. ಬಾಡಿಗೆ ಮನೆ ಬಿಡಿಸಿರುತ್ತಾರೆ. ಇಲ್ಲಾ ಯಾರದ್ದೋ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡಿರುತ್ತಾರೆ.

ನಮ್ಮಲ್ಲಿ ಒಬ್ಬಳು ತಂಗಿ ಇದ್ದಾಳೆ. ಗಂಡ ತೀರಿಕೊಂಡಿದ್ದಾನೆ, ಒಬ್ಬ ಮಗ. ನಾಲ್ಕು ಮನೆ ಕಸ-ಮುಸುರೆ ಮಾಡಿ ಬದುಕುತ್ತಾಳೆ. ಕಸದ ಬುಟ್ಟಿಯಲ್ಲಿ ಖಾಲಿ ಡಬ್ಬಿ ಕಂಡು ಓನರ್ ಮನೆಯವರು ಅದರ ಮೇಲಿನ ಹೆಸರು ಓದಿಕೊಂಡರು. ರೋಗದ ಮಾತು ಯಾರೂ ಎತ್ತಲಿಲ್ಲ. "ಮಗಳ ಮದುವೆ ಐತಿ, ಮನಿ ಬೇಕು" ಅಂದರು, ಅಷ್ಟೇ. ಅವಳು ಅಣ್ಣನ ಮನೆಗೆ ಹೋದಳು.

ಅಲ್ಲಿ ಅತ್ತಿಗೆಗೆ ವಿಷಯ ಗೊತ್ತಿಲ್ಲ. ಗುಳಿಗೆಗಳನ್ನು ಹಳೇ ಪೌಡರ್ ಡಬ್ಬಿಗೆ ಹಾಕಿ, ಅಲ್ಲಾಡಿದರೆ ಸದ್ದಾಗದಿರಲಿ ಅಂತ ಮೇಲೆ ಅರಳೆ ತುರುಕಿ, ಸೀರೆ ಗಂಟಿನೊಳಗೆ ಇಟ್ಟಿದ್ದಳು. ರಾತ್ರಿ ಒಂಬತ್ತಕ್ಕೆ ತಗೋಬೇಕು. ಆ ಹೊತ್ತಿಗೆ ಎಲ್ಲರೂ ಪಡಸಾಲೆಯಲ್ಲಿ ಟಿವಿ ಮುಂದೆ. ಗಂಟು ಬಿಚ್ಚಿದರೆ ಮಕ್ಕಳು ಕೇಳುತ್ತಾರೆ. ಬಚ್ಚಲಿಗೆ ಹೋಗುವ ನೆಪ ಮಾಡಿ ನೀರಿಲ್ಲದೆ ನುಂಗುತ್ತಿದ್ದಳು. ನೆಂಟರು ಬಂದ ದಿನ ಅದೂ ಇಲ್ಲ. "ಅಕ್ಕಾ, ಗುಳಿಗಿ ನುಂಗೂದು ಕಷ್ಟ ಅಲ್ರೀ, ಇಡೂದ ಕಷ್ಟ" ಅಂದಳು ನನ್ನ ಹತ್ತಿರ.

ಅಲ್ಲಿಂದ ಕಟ್ಟಡ ಕೆಲಸದ ತಗಡಿನ ಶೆಡ್ಡಿಗೆ. ಚಿಕಿತ್ಸೆಯ ವಿವರ ಬರೆದಿಡುವ ಎಆರ್‌ಟಿ ಪುಸ್ತಕ ಅಣ್ಣನ ಮನೆಯಲ್ಲೇ ಉಳಿಯಿತು. ಬಿಸಿಲಿಗೆ ಕಾದ ತಗಡಿನ ಕೆಳಗೆ ಔಷಧವಲ್ಲ, ಮನುಷ್ಯರು ಇರುವುದೇ ಕಷ್ಟ. ಗಾಳಿಯಾಡದ ಜಾಗದಲ್ಲಿ ಅಷ್ಟು ಜನ ಒತ್ತಿಕೊಂಡು ಮಲಗುತ್ತಿದ್ದರು. ಕೆಮ್ಮು ಶುರುವಾಯಿತು, ಪರೀಕ್ಷೆಯಲ್ಲಿ ಟಿಬಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ಸಿನ ಪ್ರಮಾಣ, ಏರಿತ್ತು. ಗುಳಿಗೆ ಹೀಗೆ ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಆ ಔಷಧಕ್ಕೇ ಬಗ್ಗದ ಹಾಗೆ ಗಟ್ಟಿಯಾಗುವ ಅಪಾಯ ಇದೆ.

ನಾವು ಕೆಲವರು ಜಾಮೀನು ನಿಂತು ಅವಳಿಗೊಂದು ಚಿಕ್ಕ ರೂಮು ಹಿಡಿದುಕೊಟ್ಟೆವು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಗೋಡೆಯಲ್ಲಿ ಒಂದು ಗೂಡು ಇದೆ, ಡಬ್ಬಿ ಈಗ ಅದರದ್ದೇ ಲೇಬಲ್ ಸಮೇತ ಅಲ್ಲೇ ಕೂತಿದೆ. ರೊಟ್ಟಿ ಉಂಡು, ನೀರು ಕುಡಿದು ತಗೊಳ್ಳುತ್ತಾಳೆ. ಟಿಬಿ ಚಿಕಿತ್ಸೆ ಮುಗಿಸಿದಳು. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಹತೋಟಿಗೆ ಬಂದಿತ್ತು. ಎಚ್‌ಐವಿ ಔಷಧ ಮೊದಲಿನದ್ದೇ, ಮೂರು ಔಷಧ ಒಂದರಲ್ಲೇ ಸೇರಿದ ಟಿಎಲ್‌ಡಿ ಗುಳಿಗೆ, ದಿನಕ್ಕೊಂದು.

2004ರಿಂದ ನಮ್ಮ ದೇಶದಲ್ಲಿ ಈ ಔಷಧ ಪುಕ್ಕಟೆ ಸಿಗುತ್ತಿದೆ. ಅದು ಎಷ್ಟು ಜೀವ ಉಳಿಸಿದೆ ಅಂತ ನನಗೆ ಗೊತ್ತು, ನನ್ನದೂ ಅದರಲ್ಲಿ ಒಂದು. ಆದರೆ ಡಬ್ಬಿ ಕೊಟ್ಟು ಕಳಿಸುವಾಗ ಅದನ್ನು ಎಲ್ಲಿಡುತ್ತೀಯಾ ಅಂತಲೂ ಕೇಳಬೇಕು ಅಲ್ವಾ?

ಇನ್ನೊಂದು ತೊಡಕಿದೆ. ಔಷಧ ತಗೊಳ್ಳಲು ಬರದವರನ್ನು ಹುಡುಕಿಕೊಂಡು ನಾವು ಮನೆಗೆ ಹೋಗುತ್ತೇವೆ. ಓಣಿಯಲ್ಲಿ ಯಾರು ಕೇಳಿದರೂ "ಸಂಘದಿಂದ ಬಂದೀವ್ರಿ" ಅನ್ನುತ್ತೇವೆ. ಆದರೂ ಹಲವರು ಸೆಂಟರಿನಲ್ಲಿ ತಪ್ಪು ವಿಳಾಸ ಬರೆಸಿರುತ್ತಾರೆ. ಯಾರಾದರೂ ಹುಡುಕಿಕೊಂಡು ಬಂದರೆ ಓನರಿಗೆ ಅನುಮಾನ ಬರುತ್ತದೆ, ಮನೆ ಹೋಗುತ್ತದೆ ಎಂಬ ಭಯ. ಹೀಗಾಗಿ ನಿಜವಾಗಿ ಕಾಯಿಲೆ ಬಿದ್ದಾಗ ನಮಗೆ ಅವರು ಸಿಗುವುದೇ ಇಲ್ಲ. ನನಗೆ ತುಂಬ ಸಂಕಟವಾಗುವುದು ಈ ವಿಷಯಕ್ಕೆ.

ಕಾನೂನು ನಮ್ಮ ಕಡೆ ಇದೆ. ಎಚ್‌ಐವಿ ಇದೆ ಅಂತ ಬಾಡಿಗೆ ಮನೆ ಕೊಡದಿರುವುದು, ಬಿಡಿಸುವುದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಪ್ರಕಾರ ತಪ್ಪು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಕೂಡಿ ಬಾಳುತ್ತಿದ್ದ ಮನೆಯಿಂದಲೂ ಹೊರಗೆ ಹಾಕುವಂತಿಲ್ಲ, ಅಡುಗೆಮನೆಗೆ ಬರಬೇಡ, ಬಚ್ಚಲು ಮುಟ್ಟಬೇಡ ಅನ್ನುವಂತಿಲ್ಲ. ಕೋರ್ಟಿನಲ್ಲಿ ನಿಜ ಹೆಸರು ಬಚ್ಚಿಟ್ಟು ಕೇಸು ನಡೆಸಲೂ ಅವಕಾಶ ಇದೆ. ಆದರೆ "ಮಗಳ ಮದುವೆ ಐತಿ" ಅಂದವರ ಮೇಲೆ ಏನಂತ ದೂರು ಕೊಡೋದು?

ಅದಕ್ಕೇ ನಾನು ಸ್ವಂತ ಸೂರಿನ ಬೆನ್ನು ಹತ್ತಿದ್ದೇನೆ. ದೇವರಾಜ ಅರಸು ವಸತಿ ಯೋಜನೆಯ ವಿಶೇಷ ವರ್ಗದ ಪಟ್ಟಿಯಲ್ಲಿ ವಿಧವೆಯರು, ಅಂಗವಿಕಲರ ಜೊತೆ ಎಚ್‌ಐವಿ ಬಾಧಿತ ಕುಟುಂಬಗಳೂ ಇವೆ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಿದ್ದವರಿಗೆ ಪಂಚಾಯಿತಿಯಲ್ಲಿ ಕಾಗದ ಕೊಡಲು ಭಯ, ಊರಿಗೆಲ್ಲ ಗೊತ್ತಾದರೆ ಏನು ಗತಿ ಅಂತ. ಅಂಥವರ ಜೊತೆ ನಾನು ಹೋಗುತ್ತೇನೆ. ವಿಧವೆಯಾಗಿದ್ದರೆ ಆ ಆಧಾರದ ಮೇಲೇ ಅರ್ಜಿ ಹಾಕಿಸುತ್ತೇನೆ. ಆಗ ರೋಗದ ಹೆಸರು ಬರೆಯುವ ಪ್ರಸಂಗವೇ ಬರುವುದಿಲ್ಲ. ಆ ತಂಗಿಯ ಅರ್ಜಿಯನ್ನೂ ಹಾಗೇ ಬರೆಸಿದ್ದೇವೆ. ಇದನ್ನು ಓದುವವರಲ್ಲಿ ಯಾರಿಗಾದರೂ ಮನೆ ಬಿಡಿ ಅನ್ನುವ ಕಾಟ ಇದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.