ಐದು ಕಿಲೋ ಹುಣಸೆ ಬೀಜ

"ಮಂಡಿನೋವು ಯಾರಿಗೆ, ತಂದೆಗೋ ತಾಯಿಗೋ?" ಎಂದು ಹಳೆ ದೆಹಲಿಯ ಮಸಾಲೆ ಪೇಟೆ ಖಾರಿ ಬಾವಲಿಯ ಅಂಗಡಿಯಾತ ಕೇಳಿದಾಗ ಏನು ಹೇಳಬೇಕೆಂದು ತಿಳಿಯಲಿಲ್ಲ. ಐದು ಕಿಲೋ ಹುಣಸೆ ಬೀಜ ಬೇಕು ಎಂದಷ್ಟೇ ನಾನು ಹೇಳಿದ್ದು. ಮಂಡಿಗೆ ಒಳ್ಳೆಯದೆಂದು ಪುಡಿ ಮಾಡಿಸಿ ಕಾಲು ಕಿಲೋ, ಅರ್ಧ ಕಿಲೋ ಒಯ್ಯುವವರು ಆತನ ಗಿರಾಕಿಗಳಂತೆ. "ಚಿತ್ರಕ್ಕೆ" ಎಂದೆ, ನನ್ನ ಹರಕು ಹಿಂದಿಯಲ್ಲಿ. ಆತ ತಕ್ಕಡಿ ಬಿಟ್ಟು ಒಂದು ಗಳಿಗೆ ನನ್ನನ್ನೇ ನೋಡಿದ. ಕಾಯಿಲೆ ಮಂಡಿಯದಲ್ಲ, ಇನ್ನೂ ಮೇಲಿನದು ಎಂದು ತೀರ್ಮಾನಿಸಿದಂತಿತ್ತು.

ಮೇ ತಿಂಗಳ ದೆಹಲಿ. ಮಾಳವೀಯ ನಗರದಿಂದ ಹಳದಿ ಮಾರ್ಗದ ಮೆಟ್ರೋ ಹಿಡಿದು ಚಾಂದನಿ ಚೌಕದಲ್ಲಿ ಇಳಿದು, ಫತೇಪುರಿ ಮಸೀದಿಯವರೆಗೆ ನಡೆದು ಬಂದಿದ್ದೆ. ಒಣಮೆಣಸಿನಕಾಯಿ ಚೀಲಗಳ ಘಾಟಿಗೆ ಇಡೀ ಬೀದಿಯೇ ಕೆಮ್ಮುತ್ತಿತ್ತು. "ಮಾಲು ಎಲ್ಲಿಯದು?" ಎಂದು ಕೇಳಿದೆ, ತುಮಕೂರಿನದು ಎಂದಾನು ಎಂಬ ಆಸೆಯಿಂದ. "ಬಸ್ತರ್" ಎಂದ. ಯಾಕೋ ಸಣ್ಣದೊಂದು ನಿರಾಸೆಯಾಯಿತು. ಬಿಲ್ಲು ಬೇಕು ಎಂದಾಗ ಆತ ಸಿಗರೇಟು ಪೆಟ್ಟಿಗೆ ಹರಿದು ಅದರ ಹಿಂದೆ ಬರೆದುಕೊಟ್ಟ. ಅಂಗಡಿಯ ಮೊಹರು ಹಾಕಿಸಿಕೊಳ್ಳಲು ಇನ್ನೂ ಹತ್ತು ನಿಮಿಷ ನಿಂತೆ. ಸಾಮಗ್ರಿಯ ಹಣ ಕೈಗೆ ಬರಬೇಕಾದರೆ ಬಿಲ್ಲು ಬೇಕಲ್ಲ.

ನಾನಿದ್ದದ್ದು ಖಿಡ್ಕಿ ಎಂಬ ಹಳೆಯ ಹಳ್ಳಿಯಲ್ಲಿ. ಈಗ ಅದನ್ನು ಹಳ್ಳಿ ಎನ್ನುವುದು ಮರ್ಯಾದೆಗೆ ಮಾತ್ರ. ಒಂದು ಕಡೆ ತುಘಲಕರ ಕಾಲದ ಮಸೀದಿ, ರಸ್ತೆಯ ಆಚೆ ಸಾಕೇತದ ಗಾಜಿನ ಮಾಲ್‌ಗಳು, ನಡುವೆ ಎರಡು ಸೈಕಲ್ ಎದುರಾದರೆ ಒಂದು ನಿಲ್ಲಬೇಕಾದ ಗಲ್ಲಿಗಳು. 1997ರಲ್ಲಿ ಕಲಾವಿದರೇ ಸೇರಿ ಆರಂಭಿಸಿದ ಖೋಜ್ ಸಂಸ್ಥೆ ಇರುವುದು ಈ ಗಲ್ಲಿಗಳಲ್ಲೇ. ಕಲಾಶಾಲೆಯಿಂದ ಆಗಷ್ಟೇ ಹೊರಬಿದ್ದ ಕೆಲವರನ್ನು ಕೆಲವು ವಾರಗಳ ಮಟ್ಟಿಗೆ ಕರೆದು, ಇರಲು ಕೋಣೆ, ಕೆಲಸಕ್ಕೆ ಸ್ಟುಡಿಯೋ, ಕೈಖರ್ಚಿಗೆ ಹಣ ಕೊಡುವ ರೆಸಿಡೆನ್ಸಿಗೆ ಅರ್ಜಿ ಹಾಕಿದ್ದೆ. ಮೈಸೂರಿನಲ್ಲಿ ಚಿತ್ರಕಲೆಯ ಪದವಿ ಮುಗಿಸಿ ಒಂದು ವರ್ಷ ಮದುವೆ ಮಂಟಪಗಳಿಗೆ ಥರ್ಮಾಕೋಲ್ ನವಿಲು ಕೊರೆದಿದ್ದ ನನಗೆ ಉತ್ತರ ಬಂದಾಗ, ಮಿಂಚಂಚೆಯನ್ನು ಮೂರು ಸಲ ಓದಿದೆ. ಮೂರನೆಯ ಸಲ ಓದಿದ್ದು, ಅದು ಬೇರೆ ಯಾರಿಗೋ ಬಂದದ್ದಲ್ಲ ತಾನೆ ಎಂದು.

ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ ಗೊತ್ತಿತ್ತು. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ, ವಯಸ್ಸು 18ರಿಂದ 25. ಅದನ್ನು ದಾಟಿದವರಿಗೆ ತಿಂಗಳಿಗೆ 10,000 ರೂಪಾಯಿಯ ಜೂನಿಯರ್ ಫೆಲೋಶಿಪ್. ಕಡಿಮೆ ಹಣವೇನಲ್ಲ, ಊರಲ್ಲಿದ್ದರೆ ಅದರಲ್ಲೇ ಸಂಸಾರ ನಡೆಯುತ್ತದೆ. ತೊಂದರೆಯೂ ಅದೇ. ಊರಲ್ಲಿದ್ದರೆ ಅದು ಸಂಸಾರದ ಹಣವಾಗುತ್ತದೆ, ಮೊದಲು ಸಿಲಿಂಡರ್ ಬರುತ್ತದೆ, ಬಣ್ಣ ಆಮೇಲೆ. ರೆಸಿಡೆನ್ಸಿ ಮನುಷ್ಯನನ್ನೇ ಊರಿನಿಂದ ಎತ್ತಿ ಬೇರೆಡೆ ಇಡುತ್ತದೆ.

ಚಳ್ಳಕೆರೆಯಲ್ಲಿ ಅಪ್ಪ ಕಂಬಳಿ ನೇಯುವವರು. ಫೋನಿನಲ್ಲಿ ಅವರ ವಿಚಾರಣೆ ಚುಟುಕಾಗಿತ್ತು.

"ಅವರಿಗೆ ಏನು ಮಾಡಿಕೊಡಬೇಕು?"

"ಏನೂ ಇಲ್ಲ. ಕೊನೆಯ ದಿನ ಬಂದವರಿಗೆ ಕೆಲಸ ತೋರಿಸಬೇಕು."

"ಮುಗಿಯದಿದ್ದರೆ?"

"ಮುಗಿಯದ್ದನ್ನೇ ತೋರಿಸಬಹುದು."

ಅಪ್ಪ ಸುಮ್ಮನಾದರು. ಮುಗಿಯದ ಕಂಬಳಿಗೆ ಸಂತೆಯಲ್ಲಿ ಯಾರೂ ಕಾಸು ಕೊಟ್ಟದ್ದನ್ನು ಅವರು ಕಂಡಿಲ್ಲ.

ನೇಯುವ ಮೊದಲು ಕಂಬಳಿಯ ಹಾಸಿಗೆ, ಎಂದರೆ ಉದ್ದಕ್ಕೆ ಕಟ್ಟಿದ ಎಳೆಗಳಿಗೆ, ಹುಣಸೆ ಬೀಜದ ಸರಿ ಕೊಡುತ್ತಾರೆ. ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಅರೆದು, ಕುದಿಸಿದರೆ ಬರುವ ಅಂಟು. ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಉಣ್ಣೆಯ ಎಳೆ ಎಳೆದು ಕಟ್ಟಿ, ದಪ್ಪ ಕುಂಚದಿಂದ ಸರಿ ಬಳಿಯುವುದು ನಾನು ಬಾಲ್ಯದಲ್ಲಿ ಕಂಡ ಮೊದಲ ಪೇಂಟಿಂಗ್. ಹೊಸ ಕಂಬಳಿಯನ್ನು ಮಡಿಸಿ ಮೂಲೆಯಲ್ಲಿ ನಿಲ್ಲಿಸಿದರೆ ಒರಟು ಮುದುಕನ ಹಾಗೆ ತಾನೇ ನಿಲ್ಲುತ್ತದೆ. ಬಿಳಿ ಕೋರಾ ಬಟ್ಟೆಗೆ ಇದೇ ಸರಿಯನ್ನು ಪದರ ಪದರವಾಗಿ ಬಳಿದು, ಕೋಲಿಲ್ಲದೆ, ಚೌಕಟ್ಟಿಲ್ಲದೆ ನಿಲ್ಲಿಸಬೇಕು ಎಂಬುದು ನನ್ನ ಯೋಜನೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಸಗಣಿಯನ್ನು ಕಲೆಯ ಸಾಮಗ್ರಿಯಾಗಿಸಿದ್ದು, ಸೂಜಿ ಪೋಣಿಸಿದ ನೂರಾರು ಅಡಿ ದಾರಕ್ಕೆ ಅಂಟು, ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದ್ದು, ಇವನ್ನೆಲ್ಲ ಕಾಲೇಜಿನಲ್ಲಿ ಚಿತ್ರಪಟಗಳಲ್ಲಿ ನೋಡಿದ್ದೆ. ಮನೆಯ ಅಂಟನ್ನೂ ಹೊರಗೆ ತರಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ. ಅರ್ಜಿಯಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ 'ಸರಿ'ಗೆ ಸರಿಯಾದ ಪದ ಸಿಗದೆ ಎರಡು ರಾತ್ರಿ ಕಳೆದಿದ್ದೆ.

ಬೀಜ ಹುರಿದ ದಿನ, ಕಾಫಿ ಎಂದುಕೊಂಡು ಸಹ ಕಲಾವಿದರು ಲೋಟ ಹಿಡಿದು ಬಂದರು. ಮರುದಿನ ಯಾರೂ ಬರಲಿಲ್ಲ. ಕುದಿಸಿದ ಎರಡು ಪಾತ್ರೆಗಳಲ್ಲಿ ಒಂದನ್ನು ಬಳಿದು, ಇನ್ನೊಂದನ್ನು ನಾಳೆಗೆಂದು ಮುಚ್ಚಿಟ್ಟಿದ್ದೆ. ಆ ಸೆಖೆಗೆ ಬೆಳಗಾಗುವುದರೊಳಗೆ ಮೇಲೆಲ್ಲ ಗುಳ್ಳೆ ಎದ್ದು, ಮಧ್ಯಾಹ್ನದ ಹೊತ್ತಿಗೆ ಸತ್ತ ಇಲಿಯ ವಾಸನೆ ಮೆಟ್ಟಿಲಿಳಿದು ಗಲ್ಲಿಗೂ ತಲುಪಿತು.

ಪಾತ್ರೆಯನ್ನು ಮೋರಿಗೆ ಬಗ್ಗಿಸುವಾಗ ಕೈ ನಡುಗಿತು. ಏಳನೆಯ ತರಗತಿಯಲ್ಲಿದ್ದಾಗ ಒಮ್ಮೆ ಒಲೆಯ ಮುಂದೆ ಕೂರಿಸಿ ಹೋಗಿದ್ದ ಅಪ್ಪನ ಸರಿಯನ್ನು ತಳ ಹಿಡಿಸಿದ್ದೆ. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಕಟ್ಟಿದ್ದ ಹಾಸನ್ನು ಬಿಚ್ಚಿ ಸುತ್ತಿಟ್ಟರು, ಆ ವಾರದ ಸಂತೆಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಇಲ್ಲಿ ಖಿಡ್ಕಿಯಲ್ಲಿ ಸಂಯೋಜಕಿ ಮೂಗು ಮುಚ್ಚಿಕೊಂಡೇ ಮೇಲೆ ಬಂದು ಕೇಳಿದ್ದು ಒಂದೇ ಮಾತು: "ಮತ್ತೆ ಖಾರಿ ಬಾವಲಿಗೆ ಹೋಗಬೇಕಾ? ಬಿಲ್ಲು ಮರೆಯಬೇಡ."

ಅಷ್ಟೇ. ಕೆಡಿಸಿದ್ದಕ್ಕೆ ಲೆಕ್ಕ ಕೇಳಲಿಲ್ಲ. ಕೆಡಿಸಲಿಕ್ಕೂ ದುಡ್ಡು ಕೊಟ್ಟು ಕರೆಸಿದ್ದಾರೆ ಎಂಬುದು ಆಗ ಹೊಳೆಯಿತು. ಸಂತೋಷವಾಗಬೇಕಿತ್ತು. ಆಗಿದ್ದು ಸಿಟ್ಟು. ಯಾರ ಮೇಲೆಂದು ಈಗಲೂ ಹೇಳಲಾರೆ. ಆ ಸಂಜೆ ಊಟ ಬಿಟ್ಟು ಮಹಡಿಯ ಮೇಲೆ ಮಲಗಿದ್ದೆ.

ಆಮೇಲೆ ಬುದ್ಧಿ ಬಂತು. ದಿನಕ್ಕೆ ಬೇಕಾದಷ್ಟನ್ನೇ ಕುದಿಸತೊಡಗಿದೆ. ಕೊನೆಯ ದಿನ ಸ್ಟುಡಿಯೋ ಬಾಗಿಲು ತೆರೆದಾಗ ಸೊಂಟದೆತ್ತರದ ನಾಲ್ಕು ಬಟ್ಟೆಗಳು ನಿಂತಿದ್ದವು. ಐದನೆಯದು ನಿಂತಿರಲಿಲ್ಲ, ಅದನ್ನೂ ಹಾಗೆಯೇ ಬಿಟ್ಟಿದ್ದೆ. ಕನ್ನಡಕ ಧರಿಸಿದವರು ಬಂದರು, 'ಸ್ಮೃತಿ', 'ಶ್ರಮ' ಎಂಬ ಮಾತುಗಳು ಕೇಳಿಬಂದವು. ಒಳ್ಳೆಯ ಮಾತುಗಳೇ. ಆದರೆ ನೆನಪಿನಲ್ಲಿ ಉಳಿದದ್ದು ಗಲ್ಲಿಯ ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡವನ ಮಾತು. ವಾಸನೆಯ ಮೂಲ ಪತ್ತೆ ಹಚ್ಚಲೆಂದೇ ಬಂದಿದ್ದನೋ ಏನೋ. ಬಟ್ಟೆಯ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದ. ಪುಡಿ ಉದುರಿತು. "ಗಂಜಿ ಜಾಸ್ತಿಯಾಗಿದೆ" ಎಂದ, "ಮಡಿಸಿದರೆ ಸೀಳುತ್ತದೆ."

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಎಷ್ಟು ಜನ ಬಂದಿದ್ದರು, ಏನೇನು ಹೇಳಿದರು ಎಂದು ನಾನು ಹೇಳುತ್ತಾ ಹೋದೆ, ಅವರು ಹೂಂಗುಟ್ಟುತ್ತಾ ಹೋದರು. ಇಸ್ತ್ರಿಯವನ ಮಾತು ಬಂದಾಗ ಹೂಂಗುಟ್ಟುವುದು ನಿಂತಿತು.

"ಅವನು ಹೇಳಿದ್ದು ದಿಟ" ಎಂದರು. "ಸೇರು ಬೀಜಕ್ಕೆ ನೀರು ಎಷ್ಟು ಹಾಕಿದ್ದೆ?"