ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವ ಸೈಕಲ್ ಸವಾರರಿಗೆ

ಜುಲೈ ಕೊನೆಯ ವಾರ ನಾನೂ ಗೆಳೆಯನೂ ಶಿವಮೊಗ್ಗದಿಂದ ಉಡುಪಿಗೆ ಸೈಕಲ್ಲಿನಲ್ಲಿ ಹೋದೆವು. ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿದು, ಬೆಳಗ್ಗೆ ಆಗುಂಬೆಗೆ. ಅಲ್ಲಿವರೆಗೆ ಮಳೆ, ತೋಟ, ಬಿಸಿ ಕಾಫಿ, ಇಷ್ಟೇ. ಹೇಳಬೇಕಾದ್ದಿರುವುದು ಆಗುಂಬೆಯಿಂದ ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳ ಬಗ್ಗೆ.

ನನ್ನದು ರಿಮ್ ಬ್ರೇಕಿನ (ಚಕ್ರದ ಅಂಚಿನ ಬಳೆಯನ್ನೇ ರಬ್ಬರ್ ಪ್ಯಾಡು ಒತ್ತಿ ಹಿಡಿಯುವ) ರೋಡ್ ಬೈಕ್ ಸೈಕಲ್, 25 ಮಿ.ಮೀ. ಟೈರು. ಗೆಳೆಯನದು ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವಂಥದ್ದು), 28 ಮಿ.ಮೀ. ಟೈರು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ಆಗುಂಬೆ. ಮಳೆ ನಿಲ್ಲಲಿ ಎಂದು ಕಾಯುವುದರಲ್ಲಿ ಅರ್ಥವಿರಲಿಲ್ಲ, ಹೊರಟೆವು.

ಮೊದಲ ತಿರುವಿಗೇ ಪಾಠವಾಯಿತು. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದೆ. ಒಣ ರಸ್ತೆಯಲ್ಲಿ ಎಲ್ಲಿ ಬ್ರೇಕ್ ಹಿಡಿಯುತ್ತಿದ್ದೆನೋ ಅಲ್ಲೇ ಹಿಡಿದೆ. ಏನೂ ಆಗಲಿಲ್ಲ. ಎದೆ ಝಲ್ಲೆಂದಿತು. ಇನ್ನಷ್ಟು ಒತ್ತಿದೆ. ಆಮೇಲೆ ಒಮ್ಮೆಲೇ ಕಚ್ಚಿ, ಹಿಂದಿನ ಚಕ್ರ ಜಾರಿತು. ಬೀಳಲಿಲ್ಲ, ಆದರೆ ತಡೆಗೋಡೆಯ ಪಕ್ಕಕ್ಕೇ ಹೋಗಿ ನಿಂತೆ.

ಕಾರಣ ಸರಳ. ರಿಮ್ ಮೇಲೆ ನೀರಿನ ಪದರ ಕೂತಿರುತ್ತದೆ. ಪ್ಯಾಡು ಮೊದಲು ಅದನ್ನು ಒರೆಸಬೇಕು, ಆಮೇಲಷ್ಟೇ ಲೋಹಕ್ಕೆ ತಾಗುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತೀರಿ. ಒರೆಸುವುದಕ್ಕೆ ಒಂದೆರಡು ಸೆಕೆಂಡು ಹಿಡಿದರೂ ಘಾಟಿಯಲ್ಲಿ ಅದು ಪೂರ್ತಿ ಒಂದು ತಿರುವು. ಕಾರ್ಬನ್ ರಿಮ್‌ಗಳ ಗೋಳು ಇನ್ನೂ ಹೆಚ್ಚು. ಅಂಥ ಚಕ್ರವಿದ್ದರೆ ದಯವಿಟ್ಟು ಈ ದಾರಿಗೆ ಅಲ್ಯೂಮಿನಿಯಂ ಚಕ್ರ ಹಾಕಿಕೊಂಡು ಬನ್ನಿ.

ಎರಡನೇ ತಿರುವಿನಿಂದ ಹೀಗೆ ಮಾಡಿದೆ: ತಿರುವು ಕಣ್ಣಿಗೆ ಬೀಳುವ ಮೊದಲೇ ಪ್ಯಾಡನ್ನು ರಿಮ್ಮಿಗೆ ಹಗುರವಾಗಿ ತಾಗಿಸಿ ನೀರು ಒರೆಸಿಟ್ಟುಕೊಳ್ಳುವುದು. ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕಿನಿಂದ ವೇಗ ಇಳಿಸುವುದು. ವಾಲಿದ ಮೇಲೆ ಮುಂದಿನ ಬ್ರೇಕ್ ಒತ್ತದಿರುವುದು, ಏಕೆಂದರೆ ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವೇಗ 20 ದಾಟಲು ಬಿಡಲಿಲ್ಲ. 30ರಲ್ಲಿ ಬ್ರೇಕು ಹೀರಬೇಕಾದ ಶಕ್ತಿಯ ಅರ್ಧಕ್ಕಿಂತ ಕಡಿಮೆ ಸಾಕು 20ರಲ್ಲಿ.

ಗೆಳೆಯನ ಡಿಸ್ಕ್ ಮೊದಲ ಒತ್ತಿಗೇ ಹಿಡಿಯುತ್ತಿತ್ತು. ಡಿಸ್ಕಿನ ತಟ್ಟೆ ರಸ್ತೆಯ ನೀರು ಕೆಸರಿನಿಂದ ದೂರ, ಪ್ಯಾಡು ಒತ್ತುವ ಬಲವೂ ಜಾಸ್ತಿ. ಹೊಸದಾಗಿ ಸೈಕಲ್ ಕೊಳ್ಳುವವರು ಮಲೆನಾಡಿನ ಮಳೆಗೆ ಡಿಸ್ಕನ್ನೇ ಕೊಳ್ಳಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನಡುವೆಲ್ಲೋ ರಸ್ತೆಯಂಚಿನ ಬಿಳಿ ಪಟ್ಟಿಯ ಮೇಲೆ ಬ್ರೇಕ್ ಹಿಡಿದು ಜಾರಿದ್ದು ಅವನೇ. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ. ಸೈಕಲ್ಲನ್ನು ನಿಲ್ಲಿಸಬೇಕಾದ್ದು ಟೈರು. ಬಿಳಿ ಬಣ್ಣ, ಪಾಚಿ, ಒದ್ದೆ ತರಗೆಲೆ, ತಿರುವಿನಲ್ಲಿ ವಾಹನಗಳಿಂದ ಸೋರಿದ ಎಣ್ಣೆ, ಈ ನಾಲ್ಕರ ಮೇಲೆ ಯಾವ ಬ್ರೇಕೂ ಒಂದೇ. ನಾನು ಆಗುಂಬೆಯಲ್ಲೇ ಟೈರಿನ ಗಾಳಿಯ ಒತ್ತಡವನ್ನು 90 ಪಿಎಸ್‌ಐನಿಂದ 75ಕ್ಕೆ ಇಳಿಸಿದ್ದೆ (ನನ್ನ ತೂಕ 68 ಕೆ.ಜಿ.). ರಸ್ತೆಗೆ ಟೈರು ಚೆನ್ನಾಗಿ ಅಂಟಿಕೊಂಡಿತು.

ಅರ್ಧ ಇಳಿದಿದ್ದಾಗ ಬ್ರೇಕಿನಿಂದ ಮರಳು ಅರೆದಂಥ ಸದ್ದು. ನಿಲ್ಲಿಸಿ ನೋಡಿದರೆ ಪ್ಯಾಡಿನಲ್ಲಿ ಮರಳಿನ ಹರಳು, ಅಲ್ಯೂಮಿನಿಯಂ ಚೂರು. ಅದನ್ನು ಹಾಗೇ ಬಿಟ್ಟರೆ ರಿಮ್ಮೇ ಸವೆಯುತ್ತದೆ. ಸೇಫ್ಟಿ ಪಿನ್ನಿನಿಂದ ಕಿತ್ತೆ. ಪಿನ್ನು, ಒಂದು ಬಟ್ಟೆ, ಒಂದು ಜೊತೆ ಹೊಸ ಪ್ಯಾಡು ಜೇಬಿನಲ್ಲಿರಲಿ. ಡಿಸ್ಕಿನವರು ರೆಸಿನ್ ಪ್ಯಾಡಿನ ಬದಲು ಲೋಹದ ಪ್ಯಾಡು ಹಾಕಿಸಿ. ಸದ್ದು ಮಾಡುತ್ತದೆ, ಆದರೆ ಕೆಸರು ನೀರಿನಲ್ಲಿ ಹೆಚ್ಚು ದಿನ ಬಾಳುತ್ತದೆ.

ಮಂಜಿರುತ್ತದೆ, ಹಿಂದೆ ಮುಂದೆ ದೀಪ ಬೇಕೇ ಬೇಕು. ತಿರುವಿನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುತ್ತದೆ. ಹಾರ್ನ್ ಕೇಳಿದರೆ ಮೇಲೆಯೇ ನಿಂತು, ಹತ್ತಿ ಬರುವವರಿಗೆ ದಾರಿ ಬಿಡಿ. ಕೋತಿಗಳಿಗೆ ತಿಂಡಿ ತೋರಿಸಬೇಡಿ. ಗುಡ್ಡ ಕುಸಿದು ಸಂಚಾರ ನಿರ್ಬಂಧಿಸಿದ ಮಳೆಗಾಲಗಳಿವೆ, ತೀರ್ಥಹಳ್ಳಿಯಲ್ಲೇ ವಿಚಾರಿಸಿಕೊಳ್ಳಿ.

ಸೋಮೇಶ್ವರ ತಲುಪುವಷ್ಟರಲ್ಲಿ ಬೆರಳುಗಳು ಸೆಟೆದುಹೋಗಿದ್ದವು. ಪ್ಯಾಡು ಎಷ್ಟು ಸವೆದಿದೆಯೆಂದು ತೋರಿಸುವ ಗೀರುಗಳು ಬಹುತೇಕ ಅಳಿಸಿಹೋಗಿದ್ದವು. ಹೆಬ್ರಿಯಲ್ಲಿ ಊಟ ಮುಗಿಸಿ, ಹೋಟೆಲಿನ ಜಗಲಿಯಲ್ಲೇ ಕೂತು ಹೊಸ ಪ್ಯಾಡು ಹಾಕಿ, ರಿಮ್ಮಿಗಂಟಿದ ಕಪ್ಪು ಕೊಳೆಯನ್ನು ಸೋಪಿನ ನೀರಿನಲ್ಲಿ ತೊಳೆದೆ. ಉಡುಪಿವರೆಗೆ ಮಳೆ ಬಿಡಲಿಲ್ಲ.