ಗದಗ ಹೈಸ್ಕೂಲ್ ಲ್ಯಾಬಿನಲ್ಲಿ ಸಿಎಸ್50ಪಿ: ಪಾಠ 0ರಿಂದ 3ರವರೆಗಿನ ದಾಖಲೆ

ಕೋರ್ಸ್: ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಮಲನ್ ಕಲಿಸುವ ಸಿಎಸ್50ಪಿ, ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆನ್‌ಲೈನ್ ಪಾಠ. ಪಾಠ 0ರಿಂದ 9ರವರೆಗೆ, ಕೊನೆಗೊಂದು ಪ್ರಾಜೆಕ್ಟ್. ಎಲ್ಲ ಅಭ್ಯಾಸಗಳನ್ನೂ ಪ್ರಾಜೆಕ್ಟನ್ನೂ ಸಲ್ಲಿಸಿ ಪಾಸಾದವರಿಗೆ ಪ್ರಮಾಣಪತ್ರ ಉಚಿತ. ಆನ್‌ಲೈನ್ ಕೋರ್ಸುಗಳ ತಾಣವಾದ ಎಡ್‌ಎಕ್ಸ್‌ನ ದೃಢೀಕೃತ ಪ್ರಮಾಣಪತ್ರ ಬೇಕೆಂದರೆ ಮಾತ್ರ ಹಣ. ಕಲಿಯುವವರು ಕನ್ನಡ ಮಾಧ್ಯಮದ 9ನೇ ತರಗತಿಯವರು. ಕೋರ್ಸಿನವರು ಒಂದೊಂದು ಪಾಠವನ್ನು ‘ವಾರ’ ಅನ್ನುತ್ತಾರೆ, ಶಾಲೆಯ ಜೊತೆಗೆ ನಡೆಸುವಾಗ ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. 10ನೇ ತರಗತಿಯಲ್ಲಿ ಶುರು ಮಾಡಿಸಬೇಡಿ. ದಸರಾ ರಜೆ ಮುಗಿಯುತ್ತಲೇ ಎಸ್ಸೆಸ್ಸೆಲ್ಸಿ ತಯಾರಿ ಎಲ್ಲವನ್ನೂ ನುಂಗುತ್ತದೆ.

ಈ ದಾಖಲೆಯಲ್ಲಿ ವಿಡಿಯೊ ನೋಡಿದ ಗಂಟೆಗಳ ಲೆಕ್ಕವಿಲ್ಲ. ಚೆಕ್50 (ಕೋಡನ್ನು ತಾನಾಗಿ ಪರೀಕ್ಷಿಸುವ ಕೋರ್ಸಿನ ಸಾಧನ) ಹಸಿರು ತೋರಿಸಿದ ಪ್ರೋಗ್ರಾಮ್ ಮಾತ್ರ ಮುಗಿದಂತೆ.

ಜೂನ್: ಖಾತೆ

ಕೋಡ್ ಸಲ್ಲಿಸಲು, ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್ ಖಾತೆ ಕಡ್ಡಾಯ, ಅದಕ್ಕೆ 13 ವರ್ಷ ತುಂಬಿರಬೇಕು. 9ನೇ ತರಗತಿಯವರಿಗೆ ವಯಸ್ಸಿನ ತೊಡಕಿಲ್ಲ. ತೊಡಕಾಗುವುದು ಇಮೇಲ್. ಹೊಸ ಕಂಪ್ಯೂಟರಿನಿಂದ ಲಾಗಿನ್ ಆದರೆ ಗಿಟ್‌ಹಬ್ ಇಮೇಲಿಗೆ ಗುರುತು ಖಚಿತಪಡಿಸುವ ಕೋಡ್ ಕಳಿಸುತ್ತದೆ. ಆ ಇಮೇಲ್ ಅಪ್ಪನ ಫೋನಿನಲ್ಲಿ, ಅಪ್ಪ ಹೊಲದಲ್ಲಿ! ಹಾಗಾಗಿ ಎರಡು ನಿಯಮ: ಪ್ರತಿಯೊಬ್ಬರೂ ತಮ್ಮ ಇಮೇಲನ್ನು ಲ್ಯಾಬಿನಲ್ಲೇ ತೆರೆಯುವಂತಿರಬೇಕು, ಪ್ರತಿಯೊಬ್ಬರಿಗೂ ಯಾವಾಗಲೂ ಅದದೇ ಕಂಪ್ಯೂಟರ್, ಅದರಲ್ಲಿ ತಮ್ಮದೇ ಬ್ರೌಸರ್ ಪ್ರೊಫೈಲ್. ಕುರ್ಚಿ ಬದಲಾದರೆ ಮತ್ತೆ ಕೋಡ್ ಕೇಳುತ್ತದೆ.

ಜೂನ್ ಕೊನೆ: ಡೇಟಾ ಮತ್ತು ಹಳೆಯ ಕಂಪ್ಯೂಟರ್

ಕೋಡ್ ಬರೆಯಲು ಕೋರ್ಸಿನವರು ಕೊಡುವ ತಾಣ ಸಿಎಸ್50.ಡೆವ್ ಬ್ರೌಸರಿನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ನೆಟ್ ಕಡಿದರೆ ಕೆಲಸ ನಿಂತಂತೆ, ಫೋನಿನ ಪರದೆಯಲ್ಲಂತೂ ಆಗದ ಮಾತು. ಆದ್ದರಿಂದ ಬರೆಯುವುದು ಲ್ಯಾಬಿನ ಪೈಥಾನಿನಲ್ಲಿ, ತಪಾಸಣೆ ಮತ್ತು ಸಲ್ಲಿಕೆಗೆ ಮಾತ್ರ ಸಿಎಸ್50.ಡೆವ್. ವಿಡಿಯೊ 360ಪಿಯಲ್ಲಿ ಗಂಟೆಗೆ ಸುಮಾರು 300 ಎಂಬಿ, 720ಪಿಯಲ್ಲಿ 1 ಜಿಬಿ ಹತ್ತಿರ. 240ಪಿಗೆ ಇಳಿಸಿದರೆ ಡೇಟಾ ಉಳಿಯುತ್ತದೆ, ಆದರೆ ಪರದೆಯ ಮೇಲಿನ ಕೋಡ್ ಓದಲು ಬರುವುದಿಲ್ಲ. ಒಂದು ಕಡೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹಂಚುವುದು ಅಗ್ಗ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ 0.75 ವೇಗದಲ್ಲಿ ನೋಡಿದರೆ ಮಾತು ಹಿಡಿಯಲು ಸಲೀಸು.

ವಿಂಡೋಸ್ 7 ಇರುವ ಕಂಪ್ಯೂಟರಿಗೆ ಪೈಥಾನ್ 3.8ರ ಆಚೆ ಯಾವುದೂ ಕೂರುವುದಿಲ್ಲ. ಪಾಠ 1ರಲ್ಲಿ ಬರುವ ‘ಮ್ಯಾಚ್’ (ಹಲವು ಆಯ್ಕೆಗಳಲ್ಲಿ ಹೊಂದುವುದನ್ನು ಆರಿಸುವ ಆದೇಶ) 3.10ರಲ್ಲಿ ಸೇರಿದ್ದು, ಮುಂದಿನ ಚಿಹ್ನೆ ತೆಗೆಯುವ, ‘ರಿಮೂವ್‌ಪ್ರಿಫಿಕ್ಸ್’ 3.9ರದ್ದು. ವಿಡಿಯೊದಲ್ಲಿ ಇದ್ದಂತೆಯೇ ಟೈಪ್ ಮಾಡಿದರೂ ಎರರ್ ಬಂದರೆ ಮಕ್ಕಳು ತಮ್ಮ ಅಕ್ಷರವೇ ತಪ್ಪೆಂದು ತಿದ್ದುತ್ತಾ ಕೂರುತ್ತಾರೆ. ಹಳೆಯ ಕಂಪ್ಯೂಟರುಗಳ ಮೇಲೆ ‘3.8’ ಎಂದು ಚೀಟಿ ಅಂಟಿಸಿ. ಅಲ್ಲಿ ‘ಮ್ಯಾಚ್’ ಬದಲು ‘ಇಫ್–ಎಲಿಫ್’.

ಪಾಠ 0

ಐನ್‌ಸ್ಟೈನ್ ಲೆಕ್ಕದಲ್ಲಿ (ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿ ಶಕ್ತಿ ಕಂಡುಹಿಡಿಯುವುದು) ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ‘ಇನ್‌ಪುಟ್’ ಕೊಡುವುದು ಯಾವಾಗಲೂ ಅಕ್ಷರಗಳ ಸಾಲು, ಸಂಖ್ಯೆಯಲ್ಲ. ಅದನ್ನು ‘ಇಂಟ್’ನಿಂದ ಸಂಖ್ಯೆ ಮಾಡದೆ 300000000ರ ವರ್ಗದಿಂದ ಗುಣಿಸಿದರೆ, ಆ ಅಕ್ಷರವನ್ನು ಅಷ್ಟು ಸಲ ಸಾಲಾಗಿ ಬರೆಯಲು ಪೈಥಾನ್ ಹೊರಡುತ್ತದೆ, ಮೆಮೊರಿ ಎರರ್ ಬರುತ್ತದೆ. ವೇಗವನ್ನು 3ಇ8 ಎಂದು ಬರೆದವರಿಗೆ ಬೇರೆ ತಾಪತ್ರಯ: ದ್ರವ್ಯರಾಶಿ 1 ಎಂದು ಕೊಟ್ಟಾಗ ಉತ್ತರ 9ಇ+16 ಎಂದು ಅಚ್ಚಾಗುತ್ತದೆ. ಬೆಲೆಯಲ್ಲಿ ಅದು ಸರಿಯೇ, ಆದರೆ ಚೆಕ್50 ಬಯಸುವುದು 90000000000000000. ಸೊನ್ನೆಗಳನ್ನೆಲ್ಲ ಕೈಯಿಂದ ಬರೆಸುವುದೇ ಕ್ಷೇಮ.

ಟಿಪ್ ಲೆಕ್ಕದಲ್ಲಿ ಡಾಲರ್ ಮತ್ತು ಶೇಕಡಾ ಚಿಹ್ನೆ ತೆಗೆಯಬೇಕು, ಶೇಕಡಾವನ್ನು 100ರಿಂದ ಭಾಗಿಸಬೇಕು. 50 ಡಾಲರಿಗೆ ಶೇ. 15 ಅಂದರೆ 7.50, 750 ಬಂದವರು ಭಾಗಿಸಿಲ್ಲ.

ಕನ್ನಡದ ಕುತೂಹಲ ಇಲ್ಲೇ ಶುರುವಾಗುತ್ತದೆ. ವೇರಿಯೇಬಲ್‌ಗೆ ‘ಬೆಲೆ’ ಎಂದು ಹೆಸರಿಟ್ಟರೆ ಪೈಥಾನ್ ಒಪ್ಪುತ್ತದೆ. ಓಡುವಾಗ ‘೧೫’ ಎಂದು ಕೊಟ್ಟರೂ ‘ಇಂಟ್’ ಅದನ್ನು 15 ಎಂದೇ ಓದುತ್ತದೆ. ಕೋಡಿನೊಳಗೆ ನೇರವಾಗಿ ‘೧೫’ ಬರೆದರೆ ಮಾತ್ರ ಎರರ್. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಯುನಿಕೋಡ್ ಆಯ್ಕೆ ಮಾಡಿಕೊಳ್ಳಬೇಕು.

ಜುಲೈ: ಪಾಠ 1

ಮೀಲ್ ಟೈಮ್‌ನಲ್ಲಿ (ಗಂಟೆ ನೋಡಿ ಯಾವ ಊಟದ ಹೊತ್ತೆಂದು ಹೇಳುವ ಲೆಕ್ಕ) ತಪ್ಪು ಅಡಗಿ ಕೂರುತ್ತದೆ. 7:30ನ್ನು 7.5 ಮಾಡಬೇಕು, ಅಂದರೆ ನಿಮಿಷವನ್ನು 60ರಿಂದ ಭಾಗಿಸಬೇಕು. ಬಹಳಷ್ಟು ಮಂದಿ 7.3 ಮಾಡುತ್ತಾರೆ. ಓಡಿಸಿ ನೋಡಿದರೆ ‘ನಾಷ್ಟಾ ಹೊತ್ತು’ ಎಂದು ಸರಿಯಾಗಿಯೇ ಬರುತ್ತದೆ, ಯಾಕೆಂದರೆ 7.3 ಕೂಡ 7 ಮತ್ತು 8ರ ನಡುವೆಯೇ ಇದೆ. ಆದ್ದರಿಂದ ‘ಕನ್ವರ್ಟ್’ ಫಂಕ್ಷನ್ ಒಂದನ್ನೇ ಪ್ರತ್ಯೇಕವಾಗಿ ಪ್ರಿಂಟ್ ಮಾಡಿಸಿ ನೋಡಬೇಕು.

ಪಾಠ 2

ವ್ಯಾನಿಟಿ ಪ್ಲೇಟ್ಸ್ (ಗಾಡಿಗೆ ತಾವೇ ಆರಿಸಿದ ನಂಬರ್ ಪ್ಲೇಟ್ ಸರಿಯೇ ಎಂದು ನೋಡುವ ಲೆಕ್ಕ) ನಿಯಮ: ಉದ್ದ 2ರಿಂದ 6, ಮೊದಲೆರಡು ಅಕ್ಷರ, ಅಂಕಿಗಳು ಕೊನೆಗೆ ಮಾತ್ರ, ಮೊದಲ ಅಂಕಿ ಸೊನ್ನೆ ಆಗಬಾರದು. ಗದಗದ ‘ಕೆಎ26’ ಪಾಸಾಗುತ್ತದೆ, ‘ಕೆಎ026’ ಫೇಲ್. 26ರ ಮುಂದೆ ಮತ್ತೆ ಅಕ್ಷರ ಬಂದರೆ ಫೇಲ್, ಹಾಗಾಗಿ ನಮ್ಮ ಗಾಡಿಗಳ ಪೂರ್ತಿ ನಂಬರ್ ಯಾವುದೂ ನಿಲ್ಲುವುದಿಲ್ಲ. ಉಳಿದ ಲೆಕ್ಕಗಳಲ್ಲಿ ದೊಡ್ಡ ಅಡೆತಡೆ ಇಲ್ಲ.

ಆಗಸ್ಟ್: ಪಾಠ 3

ಫೆಲಿಪೆಸ್ ಟಕೇರಿಯಾ ಎಂಬ ಮೆಕ್ಸಿಕನ್ ಹೋಟೆಲಿನ ಮೆನು ಹಿಡಿದು ಕೂತರೆ ತಿಂಡಿಯ ಹೆಸರಿನಲ್ಲೇ ಹೊತ್ತು ಹೋಗುತ್ತದೆ. ಮೊದಲು ಗಿರ್ಮಿಟ್, ಮಿರ್ಚಿ, ಚಹಾದ ಡಿಕ್ಷನರಿ (ಹೆಸರಿಗೆ ಬೆಲೆ ಜೋಡಿಸಿದ ಪಟ್ಟಿ) ಮಾಡಿ ಬೆಲೆ ಕೂಡಿಸುವುದನ್ನು ಬರೆಸಿ, ಆಮೇಲೆ ಮೂಲ ಪ್ರಶ್ನೆಗೆ ಹೋಗಿ. ಮೆನುವಿನಲ್ಲಿ ಇಲ್ಲದ್ದನ್ನು ಕೇಳಿದಾಗ ಬರುವ ಕೀ ಎರರನ್ನು ಹಿಡಿಯುವುದೇ ಇಲ್ಲಿನ ಪಾಠ. ಎರರ್ ಸಂದೇಶವನ್ನು ಕೆಳಗಿನ ಸಾಲಿನಿಂದ ಓದುವ ರೂಢಿ ಇಲ್ಲೇ ಹಾಕಿಸಿ, ಕಾರಣ ಇರುವುದು ಕೊನೆಯ ಸಾಲಿನಲ್ಲಿ.

ಇನ್‌ಪುಟ್ ಮುಗಿಯಿತೆಂದು ತಿಳಿಸಲು ಪಾಠದಲ್ಲಿ ಕಂಟ್ರೋಲ್-ಡಿ ಒತ್ತುತ್ತಾರೆ. ವಿಂಡೋಸ್ ಕಮಾಂಡ್ ಕಿಟಕಿಯಲ್ಲಿ ಅದಕ್ಕೆ ಕಂಟ್ರೋಲ್-ಜೆಡ್ ಒತ್ತಿ ಎಂಟರ್ ಕೊಡಬೇಕು. ಇದು ಗೊತ್ತಿಲ್ಲದವರು ಕಂಟ್ರೋಲ್-ಸಿ ಒತ್ತುತ್ತಾರೆ. ಪ್ರೋಗ್ರಾಮ್ ಅಲ್ಲಿಗೇ ಸತ್ತು, ಗ್ರೋಸರಿ ಲಿಸ್ಟ್‌ನ ಪಟ್ಟಿ ಅಚ್ಚಾಗುವುದೇ ಇಲ್ಲ.

ಮುಂದೆ: ಪಾಠ 4

ಇಲ್ಲಿಂದ ಹೊರಗಿನ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಕೋಡ್: ಇಮೋಜಿ, ಪೈಫಿಗ್ಲೆಟ್, ಇನ್‌ಫ್ಲೆಕ್ಟ್. ಪ್ರತಿ ಕಂಪ್ಯೂಟರಿನಲ್ಲೂ ನೆಟ್‌ನಿಂದ ಇಳಿಸುವ ಬದಲು, ಲೈಬ್ರರಿ ಇಳಿಸುವ ಕಮಾಂಡ್ ಆದ ‘ಪಿಪ್ ಡೌನ್‌ಲೋಡ್’ ಮಾಡಿ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು. ಆ ಕಮಾಂಡನ್ನು ಒಮ್ಮೆ 3.8 ಇರುವ ಕಂಪ್ಯೂಟರಿನಲ್ಲಿ, ಒಮ್ಮೆ ಹೊಸದರಲ್ಲಿ ಓಡಿಸಿ ಎರಡು ಫೋಲ್ಡರ್ ಮಾಡಬೇಕು. ಹೊಸದರಲ್ಲಿ ಇಳಿಸಿದ ಆವೃತ್ತಿಯನ್ನು 3.8 ತಿರಸ್ಕರಿಸಬಹುದು.